ಇಬ್ಬರು ಮಾಲೀಕರು ಬೇಕಂತೆ

ಜನವರಿ 11

ಪುಟ್ಟೀ,

ಫೋನ್ ಎತ್ತದವಳಿಗೆ ಕಾಗದವೇ ಗತಿ. ಹನ್ನೊಂದು ಸಲ ಮಾಡಿದೆ. ಹನ್ನೆರಡನೆಯ ಸಲ ನೀನು ಎತ್ತಿದೆ, ನನ್ನ ದನಿ ಕೇಳಿದ್ದೇ ಪಟ್ಟನೆ ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಇಡುವುದಕ್ಕೆ ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿದದ್ದನ್ನು ಕಂಡರೆ ನಿನ್ನ ಕೈ ಸುಮ್ಮನಿರುವುದಿಲ್ಲ, ಜೋಡಿಸಿ ಓದಿಯೇ ಓದುತ್ತೀಯ. ನಲವತ್ತು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತು ಊರಿನವರ ಬಟ್ಟೆಗೆಲ್ಲ ರಫೂ ಮಾಡಿದವರು ನಾವು. ನಿನ್ನ ಚಾಳಿ ನನಗೆ ಗೊತ್ತಿಲ್ಲವೇ?

ನಾನು ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ಮೂರನೆಯ ಮಹಡಿಯಲ್ಲಿ ಒಂದು ಕೋಣೆ. ಮೆಟ್ಟಿಲು ಎಷ್ಟು ಕಿರಿದು ಅಂದರೆ ಎದುರಿಗೆ ಯಾರಾದರೂ ಬಂದರೆ ಇಬ್ಬರಲ್ಲಿ ಒಬ್ಬರು ಉಸಿರು ಬಿಗಿಹಿಡಿಯಬೇಕು. ಕೆಳಗೆ ಬೀಗದ ಕೈ ಮಾಡುವವನ ಅಂಗಡಿ, ಬೆಳಗ್ಗೆಯಿಂದ ಕೊರ್ ಕೊರ್ ಅನ್ನುತ್ತಿರುತ್ತದೆ. ಆದರೆ ಕಿಟಕಿಯ ಬೆಳಕು! ಬೆಳಗ್ಗೆ ಒಂಬತ್ತರಿಂದ ಮೂರರವರೆಗೆ ಮೇಜಿನ ಮೇಲೆ ಬಿದ್ದಿರುತ್ತದೆ, ಕಪ್ಪು ಬಟ್ಟೆಯ ಮೇಲಿನ ಕಪ್ಪು ನೂಲೂ ಕಾಣುತ್ತದೆ. ಹತ್ತು ವರ್ಷದಿಂದ ನಮಗೆ ಹರಿದ ಕೋಟುಗಳನ್ನು ಪಾರ್ಸೆಲ್ ಮಾಡುತ್ತಿದ್ದಳಲ್ಲ ನಾಟಕ ಮಂದಿರದ ಬಟ್ಟೆ ನೋಡಿಕೊಳ್ಳುವ ಹೆಂಗಸು, ನನ್ನನ್ನು ಇಲ್ಲಿಗೆ ಕರೆಸಿದವಳು, ಅವಳು ನಾನು ಬಂದಿಳಿದ ದಿನವೇ ಮೂವತ್ತೇಳು ಕೋಟು ತಂದು ಸುರಿದಳು. ಇಲ್ಲಿಯವರಿಗೆ ಹರಿಯುವುದು ಚೆನ್ನಾಗಿ ಬರುತ್ತದೆ. ಹೊಲಿಯುವುದು ಮಾತ್ರ ಬರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಒಬ್ಬ ವಕೀಲರನ್ನು ಹಿಡಿದಿದ್ದೇನೆ. ಉದ್ದನೆಯ ಮನುಷ್ಯ, ಕ್ಷೌರದಂಗಡಿಯ ಮೇಲೆ ಕಚೇರಿ, ಕುರ್ಚಿಯ ಮೇಲೂ ಕಡತ, ಕಿಟಕಿಯ ಮೇಲೂ ಕಡತ. ಅವರ ಭಾಷೆ ನನಗೆ ಬಾರದು, ನಮ್ಮದು ಅವರಿಗೆ ಬಾರದು. ಇಬ್ಬರಿಗೂ ಅರೆಬರೆ ಬರುವ ಮೂರನೆಯ ಭಾಷೆಯಲ್ಲಿ ಮಾತಾಡುತ್ತೇವೆ, ಹಾಗಾಗಿ ಒಬ್ಬರಿಗೊಬ್ಬರು ಮೋಸ ಮಾಡುವಷ್ಟು ಜಾಣತನ ಇಬ್ಬರಿಗೂ ಇಲ್ಲ. ಅವರು ಕಾನೂನು ವಿವರಿಸುತ್ತಿದ್ದರೆ ನನ್ನ ಕಣ್ಣೆಲ್ಲ ಅವರ ಕೋಟಿನ ಮೊಣಕೈಯ ಮೇಲೆ. ತೂತು ಪುಟ್ಟೀ, ನಾಲ್ಕಾಣೆ ಅಗಲದ ತೂತು! ಕೊನೆಗೆ ತಡೆಯಲಾರದೆ, "ವಕೀಲರೇ, ಮೊದ್ಲು ಕೋಟು ಬಿಚ್ಚಿ," ಅಂದೆ. ಪಾಪ, ಹೆದರಿ ಬಾಗಿಲ ಕಡೆ ನೋಡಿದರು.

ಅವರು ಹೇಳಿದ್ದು ಇಷ್ಟು. ಪರದೇಶದವರು ಇಲ್ಲಿ ಅಂಗಡಿ ಹಿಡಿಯಬೇಕಾದರೆ ಕಂಪನಿ ಮಾಡಬೇಕು. ಪರದೇಶದವರ ಕಂಪನಿಗೆ ಕಡಿಮೆ ಎಂದರೆ ಇಬ್ಬರು ಮಾಲೀಕರು ಬೇಕಂತೆ. ಮೇ ಮೂವತ್ತೊಂದರೊಳಗೆ ಕಂಪನಿ ನೋಂದಣಿ ಆಗದಿದ್ದರೆ ನಾನು ಇಲ್ಲಿರುವ ಪರವಾನಗಿ ಮುಗಿಯುತ್ತದೆ, ಸೂಜಿಡಬ್ಬಿ ಎತ್ತಿಕೊಂಡು ಮನೆಗೆ ಬರಬೇಕು.

ಆದ್ದರಿಂದ ಎರಡನೆಯ ಮಾಲೀಕಳಾಗಿ ನಿನ್ನ ಹೆಸರು ಹಾಕಿಸುತ್ತಿದ್ದೇನೆ. ಕಾಗದಪತ್ರ ಬರುತ್ತದೆ, ಸಹಿ ಹಾಕಿ ಕಳಿಸು. ತಡ ಮಾಡಬೇಡ.

ಬೆಳಕು ಇಳಿಯುವ ಮೊದಲು ಇನ್ನೊಂದು ಕಾಲರ್ ಮುಗಿಸಬೇಕಾಗಿರುವ,
ನಿನ್ನ ಅಕ್ಕ


ಫೆಬ್ರವರಿ 2

ಅಕ್ಕನಿಗೆ,

ಇದು ಉತ್ತರ ಅಲ್ಲ. ತಿಳುವಳಿಕೆಗಾಗಿ ಬರೆದದ್ದು ಅಂತ ಇಟ್ಟುಕೋ.

ನಿನ್ನ ಕಾಗದವನ್ನು ಹರಿಯಲಿಲ್ಲ. ಆ ಜೋಡಿಸುವ ಮಾತು ಓದಿದ ಮೇಲೆ ಹರಿಯುವ ಮನಸ್ಸೂ ಹೋಯಿತು.

ನನ್ನ ಹೆಸರು ಹಾಕಿಸುತ್ತಿದ್ದೇನೆ ಅಂತ ಬರೆದಿದ್ದೀಯ. ಹಾಕಿಸಲಾ ಅಂತಲ್ಲ. ಇದೇನು ಹೊಸದೇ? ಅಂಗಡಿ ಬಾಗಿಲಿಗೆ ಹಸಿರು ಬಣ್ಣ ನೀನು ಬಳಿಸಿದೆ. ನನ್ನ ಕನ್ನಡಕದ ಚೌಕಟ್ಟು ನೀನು ಆರಿಸಿದೆ. ನನ್ನ ಮಗಳನ್ನು ಯಾವ ಶಾಲೆಗೆ ಸೇರಿಸಬೇಕು ಅಂತ ನೀನು ಹೇಳಿದೆ. ಎಲ್ಲಕ್ಕೂ ಹೂಂ ಅಂದೆ, ಯಾಕೆಂದರೆ ಸಾಮಾನ್ಯವಾಗಿ ನೀನು ಹೇಳಿದ್ದು ಸರಿಯೇ ಇರುತ್ತಿತ್ತು, ಅದೇ ನನ್ನ ಕರ್ಮ. ಆದರೆ ಅಕ್ಟೋಬರಿನ ಆ ಮಂಗಳವಾರ? ನಾನು ಡಾಕ್ಟರ ಶಾಲಿನ ಅಂಚು ಹಿಡಿದು ಕೂತಿದ್ದೆ. ನೀನು ಬಂದು ಟಿಕೆಟನ್ನು ಮೇಜಿನ ಮೇಲಿಟ್ಟು, "ಮುಂದಿನ ವಾರ ಹೊರಟೆ ಕಣೇ," ಅಂದೆ. ನಾನು, "ಕತ್ತರಿ ಎಲ್ಲಿ?" ಅಂತ ಕೇಳಿದೆ. ಬೇರೆ ಏನನ್ನು ಕೇಳಲಿ? ಕೇಳುವಂಥದ್ದನ್ನೆಲ್ಲ ನೀನು ಮುಗಿಸಿಕೊಂಡು ಬಂದಿದ್ದೆ. ನಲವತ್ತು ವರ್ಷ ಎದುರಿಗೆ ಕೂತವಳಿಗೆ ಒಂದು ಮಾತು ಕೇಳಬೇಕು ಅಂತ ಅನ್ನಿಸಲಿಲ್ಲವಾ ನಿನಗೆ?

ನಿನ್ನ ಕಂಪನಿ ನಿನಗಿರಲಿ. ಬೇರೆ ಯಾರನ್ನಾದರೂ ನೋಡಿಕೋ.

ಅಲ್ಲಿ ಚಳಿ ಅಂತ ಮಗಳು ಹೇಳಿದಳು. ನಿನ್ನ ಬಲಮಂಡಿಗೆ ಉಣ್ಣೆಯ ಪಟ್ಟಿ ಹೆಣೆದು ಕಳಿಸಿದ್ದೇನೆ. ಇದೂ ಉತ್ತರ ಅಲ್ಲ. ಅಂದ ಹಾಗೆ ಆ ವಕೀಲರ ಮೊಣಕೈಗೆ ಯಾವ ನೂಲು ಹಾಕಿದೆ? ಅಲ್ಲಿಯ ಅಂಗಡಿ ನೂಲು ನಂಬಬೇಡ, ಕೋಟಿನ ಒಳಮಡಿಕೆಯಿಂದ ಎಳೆದು ತೆಗಿ.

ತಂಗಿ


ಫೆಬ್ರವರಿ 21

ಪುಟ್ಟೀ, ನನ್ನ ಮೂಗಿನ ತುದಿಯ ಕೋಪದವಳೇ,

ಮಂಡಿಪಟ್ಟಿ ಬಂತು. ಕಟ್ಟಿಕೊಂಡೇ ಬರೆಯುತ್ತಿದ್ದೇನೆ. ಬೆಚ್ಚಗಿದೆ. ನೂಲನ್ನು ಒಳಮಡಿಕೆಯಿಂದಲೇ ಎಳೆದೆ, ನನಗೂ ಅಷ್ಟು ಗೊತ್ತು, ನಿನಗೆ ಕಲಿಸಿದವಳೇ ನಾನು.

ಆ ಮೊಣಕೈಯ ಕಥೆ ಕೇಳು. ವಕೀಲರು ಆ ಕೋಟು ತೊಟ್ಟು ಕೋರ್ಟಿಗೆ ಹೋಗಿ, ತೂತು ಎಲ್ಲಿತ್ತು ಹೇಳಿ ನೋಡೋಣ ಅಂತ ಸ್ನೇಹಿತರಿಗೆ ಸವಾಲು ಹಾಕಿದರಂತೆ. ಒಬ್ಬರೂ ಹೇಳಲಿಲ್ಲ. ಮಾರನೆಯ ದಿನ ನಾನು ಕಾನೂನು ಕೇಳಲು ಹೋದರೆ ಮೆಟ್ಟಿಲ ಮೇಲೆ ಆರು ಜನ ವಕೀಲರು ಕೋಟು ಹಿಡಿದು ಸಾಲಾಗಿ ನಿಂತಿದ್ದಾರೆ! ಕಕ್ಷಿದಾರರು ವಕೀಲರನ್ನು ಕಾಯುವುದು ನೋಡಿದ್ದೇನೆ, ವಕೀಲರು ಕಕ್ಷಿದಾರಳನ್ನು ಕಾಯುವುದು ಇದೇ ಮೊದಲು.

ಅರ್ಜಿ ತುಂಬುವಾಗ ಇನ್ನೊಂದು ಫಜೀತಿ. ಕಂಪನಿ ಏನು ಕೆಲಸ ಮಾಡುತ್ತದೆ ಅಂತ ಒಂದು ಪಟ್ಟಿಯಿಂದ ಆರಿಸಬೇಕು. ವಕೀಲರು ಕೇಳುತ್ತಾ ಹೋದರು.

"ಹೊಸ ಬಟ್ಟೆ ಹೊಲೀತೀರಾ?"

"ಇಲ್ಲ."

"ಒಗೆದು ಇಸ್ತ್ರಿ ಮಾಡ್ತೀರಾ?"

"ಇಲ್ಲ."

"ಬಟ್ಟೆ ಮಾರ್ತೀರಾ?"

"ಇಲ್ಲಪ್ಪಾ."

"ಮತ್ತೆ ಏನ್ ಮಾಡ್ತೀರಾ ತಾಯಿ?"

"ಏನೂ ಆಗೇ ಇಲ್ಲ ಅನ್ನೋ ಹಾಗೆ ಮಾಡ್ತೀವಿ," ಅಂದೆ.

ಅವರು ಪೆನ್ನು ಕೆಳಗಿಟ್ಟು ನಕ್ಕರು. ಆಮೇಲೆ ‘ಇತರೆ’ ಅಂತ ಗುರುತು ಹಾಕಿದರು.

ನೀನು ಬೇರೆ ಯಾರನ್ನಾದರೂ ನೋಡಿಕೋ ಅಂದೆಯಲ್ಲ, ನೋಡಿದೆ. ಇಲ್ಲಿ ಹೆಸರನ್ನು ಬಾಡಿಗೆಗೆ ಕೊಡುವವರಿದ್ದಾರೆ. ಪರದೇಶದವರ ಕಂಪನಿಗಳಿಗೆ ಎರಡನೆಯ ಮಾಲೀಕರಾಗಿ ಹೆಸರು ಕೊಡುವುದೇ ಅವರ ಉದ್ಯೋಗ, ಕಾನೂನಿಗೂ ಅಡ್ಡಿ ಇಲ್ಲವಂತೆ. ವಕೀಲರಿಗೆ ಅಷ್ಟಾಗಿ ಮನಸ್ಸಿರಲಿಲ್ಲ, ಆದರೂ ನನ್ನ ಒತ್ತಾಯಕ್ಕೆ ಒಬ್ಬನನ್ನು ಕರೆಸಿದರು. ಬಂದ ಮಹಾನುಭಾವ ಅರವತ್ತೆರಡು ಕಂಪನಿಗಳ ಮಾಲೀಕ. ಮೀನಿನ ಬಲೆ, ಹಲ್ಲುಪುಡಿ, ಲಿಫ್ಟು, ಏನು ಕೇಳಿದರೂ ಅವನದೇ. ನಾನು ಒಂದು ಸೂಜಿ, ಒಂದು ಎಳೆ ದಾರ ಕೊಟ್ಟು, "ಪೋಣಿಸಿ," ಅಂದೆ. ದಾರವನ್ನು ನೆಕ್ಕಿದ. ಕಣ್ಣು ಕಿರಿದು ಮಾಡಿದ. ಸೂಜಿಯ ಮೊನೆಯ ಕಡೆಯಿಂದಲೂ ಪ್ರಯತ್ನ ಮಾಡಿದ, ನಿನ್ನಾಣೆ! ಬೆರಳು ಚುಚ್ಚಿಕೊಂಡು ಪಟ್ಟಿ ಕೇಳಿದ. ಅವನ ಹೆಸರು ನನ್ನ ಹೆಸರಿನ ಪಕ್ಕದಲ್ಲಿ? ಇನ್ನೂ ಏನಾದರೂ ಉಂಟಾ! ಕಾಫಿ ಕುಡಿಸಿ ಕಳಿಸಿಬಿಟ್ಟೆ.

ಅಕ್ಟೋಬರಿನ ಮಂಗಳವಾರದ ಬಗ್ಗೆ ಬರೆದಿದ್ದೀಯ. ಓದಿದೆ. ಎರಡು ಸಲ ಓದಿದೆ. ಅದಕ್ಕೆ ಬೇರೆ ಕಾಗದ ಬರೆಯುತ್ತೇನೆ, ಇವತ್ತು ಬೆಳಕು ಸಾಲದು.

ವಕೀಲರು ಸಿದ್ಧಪಡಿಸಿದ ಪತ್ರಗಳನ್ನು ಇದರ ಜೊತೆಗೇ ಇಟ್ಟಿದ್ದೇನೆ. ಹಾಕಿದರೆ ಹಾಕು, ಬಿಟ್ಟರೆ ಬಿಡು. ಹಾಕುವುದಾದರೆ ನೋಟರಿಯ ಎದುರಿಗೆ ಸಹಿ ಹಾಕಬೇಕು, ಅವರು ಹಾಳೆಗಳನ್ನೆಲ್ಲ ದಾರದಲ್ಲಿ ಹೊಲಿದು, ದಾರದ ತುದಿಯ ಮೇಲೆ ಚೀಟಿ ಅಂಟಿಸಿ ಮೊಹರು ಒತ್ತಿ ಕೊಡುತ್ತಾರೆ. ಆಮೇಲೆ ಸರ್ಕಾರಿ ಕಚೇರಿಯಲ್ಲಿ ಇನ್ನೊಂದು ಮುದ್ರೆ. ಅದನ್ನು ಹಾಗೇ ಕಳಿಸಿದರೆ ಆಯಿತು.

ಸೂಜಿ ಪೋಣಿಸಲು ಬರುವ ಪಾಲುದಾರಳಿಗಾಗಿ ಕಾದಿರುವ,
ಅಕ್ಕ


ಏಪ್ರಿಲ್ 10

ಅಕ್ಕನಿಗೆ,

ಪತ್ರಗಳನ್ನು ಕಳಿಸಿದ್ದೇನೆ. ಮುದ್ರೆ ಬೀಳುವುದಕ್ಕೆ ಐದು ವಾರ ಹಿಡಿಯಿತು, ಅದಕ್ಕೆ ನನ್ನನ್ನು ಬೈಯಬೇಡ. ದಿನಾ ಹೋಗಿ ಕೇಳಿದೆ. ಕೊನೆಗೆ ಅಲ್ಲಿಯ ಗುಮಾಸ್ತ ನನ್ನನ್ನು ಕಂಡರೆ ಎದ್ದು ಕುರ್ಚಿ ಕೊಡುತ್ತಿದ್ದ.

ಸಹಿ ಯಾಕೆ ಹಾಕಿದೆ ಅಂತ ನೀನು ಬೀಗುವುದು ಬೇಡ. ಹಲ್ಲುಪುಡಿಯವನ ಹೆಸರು ನಮ್ಮ ಕೆಲಸದ ಪಕ್ಕ ಬರುವುದು ನನಗೆ ಸರಿ ಕಾಣಲಿಲ್ಲ. ಅಷ್ಟೇ. ಹೆಸರು ಕೊಟ್ಟಿದ್ದೇನೆ, ನನ್ನನ್ನಲ್ಲ. ನಾನಿಲ್ಲಿ, ನೀನಲ್ಲಿ.

ನೋಟರಿಯ ಕಚೇರಿಗೆ ಮಗಳು ಕರೆದುಕೊಂಡು ಹೋದಳು. ಆ ನೋಟರಿ ಒಳ್ಳೆಯವರೇ. ಆದರೆ ಅಕ್ಕಾ, ಹೊಲಿಯುತ್ತಾರಲ್ಲ, ಅದು ಹೊಲಿಗೆಯೇ? ದಬ್ಬಳ ತಗೊಂಡು ನಾಲ್ಕು ತೂತು ಕೊರೆದರು, ಒಂದು ಈ ಕಡೆ, ಒಂದು ಆ ಕಡೆ, ಸಾಲು ಅನ್ನುವುದೇ ಇಲ್ಲ. ದಾರ ಜೋಲು ಬಿದ್ದಿತ್ತು. ಹಿಂದುಗಡೆ ಗಂಟು ಹುಣಸೆ ಬೀಜದಷ್ಟು. ನನ್ನ ಹೆಸರು ಬರೆದಿರುವ ಕಾಗದ, ನಿನ್ನ ಹೆಸರು ಬರೆದಿರುವ ಕಾಗದ, ಇಬ್ಬರೂ ರಫೂ ಕೆಲಸದವರು ಅಂತ ಅದರಲ್ಲೇ ಬರೆದಿದೆ. ನೋಡಿ ನನಗೆ ಕಣ್ಣು ಉರಿಯಿತು. ಮಗಳು, "ಅಮ್ಮಾ ಸುಮ್ನಿರು, ಅದು ಸರ್ಕಾರಿ ಹೊಲಿಗೆ," ಅಂತ ನನ್ನ ಕೈ ಹಿಡಿದುಕೊಂಡಳು. ಸುಮ್ಮನೆ ಮನೆಗೆ ಬಂದೆ.

ಇಲ್ಲಿ ಅಂಗಡಿ ನಡೆಯುತ್ತಿದೆ. ನಿನ್ನ ಕಡೆಯ ಮೇಜು ಖಾಲಿ ಇದೆ. ಗಿರಾಕಿಗಳು ಅಲ್ಲಿ ಛತ್ರಿ ಇಡುತ್ತಾರೆ. ಬೇಡ ಅಂತ ಎಷ್ಟು ಸಲ ಹೇಳಲಿ.

ತಂಗಿ


ಏಪ್ರಿಲ್ 28

ಪುಟ್ಟೀ,

ಮೊದಲು ಕೂತುಕೋ. ಕನ್ನಡಕ ಹಾಕಿಕೋ. ನಗಬೇಕೋ ತಲೆ ಮೇಲೆ ಕೈ ಹೊತ್ತುಕೊಳ್ಳಬೇಕೋ ಓದಿ ನೀನೇ ಹೇಳು.

ನಿನ್ನೆ ಕಟ್ಟು ಬಂತು. ಹೊತ್ತುಕೊಂಡು ವಕೀಲರ ಕಚೇರಿಗೆ ಓಡಿದೆ. ಅವರು ಒಂದೊಂದೇ ಹಾಳೆ ತಿರುಗಿಸಿ ಸಹಿ ನೋಡಿದರು, ಮೊಹರು ನೋಡಿದರು, ಮುದ್ರೆ ನೋಡಿದರು. "ಎಲ್ಲಾ ಚೊಕ್ಕವಾಗಿದೆ. ನಾಳೆ ಬೆಳಗ್ಗೆನೇ ಸಲ್ಲಿಸಿಬಿಡ್ತೀನಿ," ಅಂದರು. ನಾನು ಕಟ್ಟನ್ನು ಕೈಗೆ ತಗೊಂಡು ಸುಮ್ಮನೆ ಅದರ ಬೆನ್ನಿನ ಹೊಲಿಗೆ ಸವರಿದೆ. ನಾಲ್ಕು ತೂತು ಅಂತ ನೀನು ಬರೆದಿದ್ದೆ, ಇಲ್ಲಿ ಒಂಬತ್ತು, ಅಕ್ಕಿಕಾಳು ಜೋಡಿಸಿದ ಹಾಗೆ ಸಾಲಾಗಿ. ಗಂಟೇ ಇಲ್ಲ. ದಾರದ ತುದಿ ಎಲ್ಲಿ ಹೋಯಿತು ಅಂತ ದೇವರಿಗೂ ಗೊತ್ತಾಗಬಾರದು. ಮತ್ತೆ ಪ್ರತಿಯೊಂದು ಹೊಲಿಗೆಯೂ ಎಡಕ್ಕೆ ಒಂದು ಕೂದಲೆಳೆ ವಾಲಿದೆ. ಪ್ರಪಂಚದಲ್ಲಿ ಹಾಗೆ ಹೊಲಿಯುವ ಎಡಗೈ ಒಂದೇ ಒಂದು.

ನನಗೆ ಏನಾಯಿತೋ ಗೊತ್ತಿಲ್ಲ ಕಣೇ. ಆರು ತಿಂಗಳಿಂದ ನೀನು ಫೋನಿನಲ್ಲಿ ಮಾತಾಡಿಲ್ಲ, ಬರೆದರೆ ಸೆಟೆದುಕೊಂಡು ಬರೆಯುತ್ತೀಯ. ಆದರೆ ಈ ಕಾಗದಕ್ಕೆ ಇಷ್ಟು ಹೊತ್ತು ಕೂತು ಹೊಲಿದಿದ್ದೀಯ! ಖುಷಿ ಉಕ್ಕಿ ಬಂತು. ಕಟ್ಟನ್ನು ವಕೀಲರ ಮೂಗಿಗೆ ಹಿಡಿದು, "ನೋಡಿ ವಕೀಲರೇ, ನೋಡಿ! ಇದು ನನ್ನ ತಂಗಿ ಕೈ! ನೋಟರಿ ಹೊಲಿಗೆ ಬಿಚ್ಚಿ ಅವಳೇ ಹೊಲಿದಿದ್ದಾಳೆ. ಯಾರಿಗಾದ್ರೂ ಗೊತ್ತಾಗತ್ತಾ?" ಅಂದೆ.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ.

ಅವರ ಮುಖ ಬಿಳಿಚಿಕೊಂಡಿತು. "ಏನಂದ್ರಿ? ಬಿಚ್ಚಿದ್ರಾ?" ಅಂದರು. ನಾನು ಇನ್ನೂ ಹೆಮ್ಮೆಯಿಂದ ತಲೆ ಆಡಿಸುತ್ತಲೇ ಇದ್ದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆ ಹೊಲಿಗೆ ಚಂದಕ್ಕಲ್ಲವಂತೆ ಪುಟ್ಟೀ. ಒಂದು ಹಾಳೆಯನ್ನೂ ಯಾರೂ ತೆಗೆದಿಲ್ಲ, ಸೇರಿಸಿಲ್ಲ ಅನ್ನುವುದಕ್ಕೆ ಆ ದಾರವೇ ಸಾಕ್ಷಿಯಂತೆ. ಒಂದು ಸಲ ಬಿಚ್ಚಿದರೆ ಕಾಗದಕ್ಕೆ ಬೆಲೆಯೇ ಇಲ್ಲ.

"ಯಾರಿಗೂ ಗೊತ್ತಾಗಲ್ಲ ಅಲ್ವಾ," ಅಂತ ಮೆಲ್ಲಗೆ ಕೇಳಿದೆ.

"ನೀವು ಹೇಳೋವರೆಗೆ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲಾ ತಾಯಿ. ಗೊತ್ತಿದ್ದೂ ಸಲ್ಲಿಸೋ ವಕೀಲ ನಾನಲ್ಲ," ಅಂದರು.

ಕೋಪ ಬರಲಿಲ್ಲ. ಇಂಥವರ ಕೋಟಿಗೆ ರಫೂ ಮಾಡಿದೆನಲ್ಲ ಅಂತ ಸಂತೋಷವೇ ಆಯಿತು. ಆದರೆ ಹೊಸ ಪತ್ರ ಮಾಡಿಸಿ, ಮುದ್ರೆ ಒತ್ತಿಸಿ ಕಳಿಸುವಷ್ಟರಲ್ಲಿ ಜೂನ್ ಮುಗಿಯುತ್ತದೆ. ನನಗಿರುವುದು ಮೇ ಮೂವತ್ತೊಂದರವರೆಗೆ.

ಒಂದೇ ದಾರಿ ಉಳಿದಿದೆಯಂತೆ. ಇಬ್ಬರು ಮಾಲೀಕರೂ ಖುದ್ದಾಗಿ ನೋಂದಣಿ ಅಧಿಕಾರಿಯ ಎದುರು ಬಂದು ಸಹಿ ಹಾಕಿದರೆ ದಾರವೂ ಬೇಡ, ಮೊಹರೂ ಬೇಡ. ಆರು ವರ್ಷದ ಹಿಂದೆ ಇಬ್ಬರೂ ಒಟ್ಟಿಗೆ ಪಾಸ್‌ಪೋರ್ಟ್ ಮಾಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದೆವಲ್ಲ, ನಿನ್ನದು ಇನ್ನೂ ನಡೆಯುತ್ತದೆ. ವಕೀಲರು ಬರೆದ ಕರೆಪತ್ರ ಇದರಲ್ಲಿದೆ, ಅದನ್ನು ತೋರಿಸಿದರೆ ವೀಸಾ ಹತ್ತು ದಿನದಲ್ಲಿ ಕೊಡುತ್ತಾರಂತೆ.

ಈಗ ಆ ಮಂಗಳವಾರದ ಮಾತು. ಬೆಳಕು ಸಾಲದು ಅಂತ ತಪ್ಪಿಸಿಕೊಂಡಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಸಾಕು, ನೇರವಾಗಿ ಹೇಳುತ್ತೇನೆ. ನಾನು ನಿನ್ನನ್ನು ಕೇಳಲಿಲ್ಲ, ಯಾಕೆಂದರೆ ಹೆದರಿಕೆ. ನೀನು, "ಬೇಡಕ್ಕಾ," ಅಂದಿದ್ದರೆ ನಾನು ಹೊರಡುತ್ತಿರಲಿಲ್ಲ. ನಿನ್ನ ಒಂದು ಮಾತಿಗೆ ನನ್ನನ್ನು ನಿಲ್ಲಿಸುವ ಶಕ್ತಿ ಇದೆ ಅಂತ ನನಗೆ ಯಾವಾಗಲೂ ಗೊತ್ತಿತ್ತು. ಅದಕ್ಕೇ ಯಾವ ವಿಷಯದಲ್ಲೂ ಕೇಳುತ್ತಿರಲಿಲ್ಲ, ಹಸಿರು ಬಣ್ಣದಿಂದ ಹಿಡಿದು. ಅರವತ್ತೆರಡು ವರ್ಷದ ಹೇಡಿ ನಾನು. ತಪ್ಪಾಯಿತು ಪುಟ್ಟೀ.

ಈಗ ಕೇಳುತ್ತಿದ್ದೇನೆ. ಬರುತ್ತೀಯಾ? ಇಲ್ಲ ಅಂದರೂ ಸರಿ. ನಿಜವಾಗಿ ಸರಿ. ಜೂನ್ ಒಂದಕ್ಕೆ ನಾನೇ ಬಂದು ನಿನ್ನ ಎದುರಿಗೆ ಕೂರುತ್ತೇನೆ, ಗಿರಾಕಿಗಳ ಛತ್ರಿ ಎತ್ತಿಡು.

ನಿನ್ನ ಮಾತಿಗೆ ಕಾದು,
ಅಕ್ಕ


ಮೇ 9

ಅಕ್ಕನಿಗೆ,

ಸತ್ಯ ಒಪ್ಪಿಕೊಳ್ಳುತ್ತೇನೆ. ಎರಡು ಗಂಟೆ ಕೂತು ಬಿಚ್ಚಿದೆ, ಎರಡು ಗಂಟೆ ಹೊಲಿದೆ. ಮೊಹರಿನ ಚೀಟಿಯನ್ನು ಕಾಫಿ ಪಾತ್ರೆಯ ಹಬೆಗೆ ಹಿಡಿದು ಎಬ್ಬಿಸಿದೆ, ಆಮೇಲೆ ಅಂಟು ಹಚ್ಚಿ ಅದೇ ಜಾಗದಲ್ಲಿ ಕೂರಿಸಿದೆ. ನಿನ್ನ ಕಾಗದ ಓದಿದ ಅಳಿಯ, "ಅತ್ತೇ, ಇದಕ್ಕೆ ಜೈಲು," ಅಂದ. ಮಗಳು ಮೂರು ದಿನದಿಂದ ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದಾಳೆ. ನಾನು ಕಳ್ಳತನ ಅಂದುಕೊಂಡಿರಲಿಲ್ಲ. ನಾಲ್ಕು ಜನ ನೋಡುವ ಕಾಗದ, ಅದರಲ್ಲಿ ನಮ್ಮ ಮರ್ಯಾದೆ ಇದೆ ಅಂದುಕೊಂಡಿದ್ದೆ.

ನೀನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ನಡೆದುಹೋಗುತ್ತಿತ್ತು. ಆದರೆ ನೀನು ಬಾಯಿ ಮುಚ್ಚಿಕೊಂಡಿದ್ದರೆ ನೀನು ನನ್ನ ಅಕ್ಕನೇ ಅಲ್ಲ.

ಬರುತ್ತೀಯಾ ಅಂತ ಕೇಳಿದ್ದೀಯ. ಆ ಸಾಲಿನ ಮೇಲೆ ತುಂಬ ಹೊತ್ತು ಕೂತಿದ್ದೆ. ಡಾಕ್ಟರು ಶಾಲು ಕೇಳಲು ಬಂದವರು, "ಯಾಕ್ರೀ, ಕಣ್ಣಲ್ಲಿ ನೀರು?" ಅಂದರು. ಸೂಜಿ ಚುಚ್ಚಿತು ಅಂದೆ.

ಸಹಿ ಹಾಕುವುದಕ್ಕೆ ಬರುತ್ತೇನೆ. ಮುಂದಿನದು ಆಮೇಲೆ. ವಿಮಾನ ಇಪ್ಪತ್ತೇಳಕ್ಕೆ, ಸಂಜೆ ನಾಲ್ಕಕ್ಕೆ ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಬಾ, ನನಗೆ ಆ ಊರಿನ ಒಂದು ಮಾತೂ ಬಾರದು.

ಬರುವಾಗ ಏನು ತರಲಿ ಅಂತ ಕೇಳುವುದಿಲ್ಲ. ಒಂಬತ್ತನೇ ನಂಬರಿನ ಸೂಜಿ ತರುತ್ತೇನೆ. ನಿನ್ನದೆಲ್ಲ ಸವೆದಿರಬೇಕು.

ಪುಟ್ಟಿ


ಮೇ 31

ಮಗಳೇ,

ತಲುಪಿದೆ, ಚೆನ್ನಾಗಿದ್ದೇನೆ ಅಂತ ಫೋನಿನಲ್ಲಿ ಹೇಳಿದ್ದೆ. ಉಳಿದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ, ಈ ಐದು ತಿಂಗಳಲ್ಲಿ ನನಗೂ ಕಾಗದ ಬರೆಯುವ ಚಟ ಹತ್ತಿದೆ.

ನಿನ್ನ ದೊಡ್ಡಮ್ಮ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ ಮುಂಚೆ ಬಂದು ನಿಂತಿದ್ದಳು. ಅವಳು ನನ್ನ ಪೆಟ್ಟಿಗೆ ಎಳೆದುಕೊಂಡಳು, ನಾನು ವಾಪಸ್ ಎಳೆದುಕೊಂಡೆ, ಹೀಗೆ ಎಳೆದಾಡಿ ಹಿಡಿ ಕಿತ್ತುಬಂತು. ಆಮೇಲೆ ನಗು ತಡೆಯಲು ಆಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ನಕ್ಕೆವು. ಜನ ನಮ್ಮನ್ನು ಸುತ್ತಿ ಹೋಗುತ್ತಿದ್ದರು.

ನಿನ್ನೆ ನೋಂದಣಿ ಕಚೇರಿಗೆ ಹೋದೆವು. ವಕೀಲರು ಬಂದಿದ್ದರು. ನಾನು ಮೊದಲು ನೋಡಿದ್ದು ಮೊಣಕೈ. ಅಕ್ಕ ಹೇಳಿದ್ದು ಉತ್ಪ್ರೇಕ್ಷೆ ಅಲ್ಲ, ನನಗೂ ಹುಡುಕಲು ಒಂದು ನಿಮಿಷ ಬೇಕಾಯಿತು. ಅವರು ನನ್ನ ಕೈ ಕುಲುಕಿ, ಎಡಗೈಯನ್ನೂ ಹಿಡಿದು ತಿರುಗಿಸಿ ನೋಡಿ ಏನೋ ಅಂದರು. ಅಕ್ಕ, "ಇಷ್ಟೆಲ್ಲಾ ರಾಮಾಯಣ ಮಾಡಿದ ಕೈ ಇದೇನಾ ಅಂತ ಕೇಳ್ತಿದ್ದಾರೆ," ಅಂದಳು.

ಅಲ್ಲಿ ಒಂದು ಪದ್ಧತಿ ಇದೆ, ಅದನ್ನು ವಕೀಲರು ಹಿಂದಿನ ದಿನವೇ ಅಕ್ಕನಿಗೆ ಹೇಳಿದ್ದರು. ಮಾಲೀಕರು ಖುದ್ದಾಗಿ ಬಂದರೆ ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದು ಕೇಳುತ್ತಾರೆ. ಜೊತೆಯವರು ಒಳಗೆ ಬರುವ ಹಾಗಿಲ್ಲ, ವಕೀಲರೂ ಬರುವ ಹಾಗಿಲ್ಲ. ಮೊದಲು ನನ್ನ ಸರದಿ. ಗಾಜಿನ ಬಾಗಿಲಿನ ಕೋಣೆ. ಅಧಿಕಾರಿಣಿ ನನ್ನ ವಯಸ್ಸಿನವರೇ. ಮೇಜಿನ ಮೇಲೆ ಫೋನಿತ್ತು, ಅದರೊಳಗಿಂದ ನಮ್ಮ ಭಾಷೆಯಲ್ಲಿ ಯಾರೋ ಹೆಂಗಸು ಅವರ ಮಾತನ್ನು ನನಗೆ ತಿಳಿಸುತ್ತಿದ್ದರು.

"ಅಮ್ಮಾ, ಈ ಕಂಪನಿಗೆ ನೀವು ನಿಮ್ಮ ಇಷ್ಟದಿಂದ ಸೇರ್ತಿದ್ದೀರಾ? ಇಷ್ಟ ಇಲ್ಲದಿದ್ರೆ ಈಗಲೇ ಹೇಳಬಹುದು. ಹೊರಗಿರೋರಿಗೆ ನಾವು ತಿಳಿಸ್ತೀವಿ, ನೀವು ಹೇಳೋದೂ ಬೇಡ."

ನಾನು ತಕ್ಷಣ ಹೂಂ ಅನ್ನಬೇಕಿತ್ತು, ಅಲ್ಲವಾ? ಅನ್ನಲಿಲ್ಲ. "ಸ್ವಲ್ಪ ಯೋಚನೆ ಮಾಡಬಹುದಾ?" ಅಂದೆ. ಅಧಿಕಾರಿಣಿ, "ಬೇಕಾದಷ್ಟು ಹೊತ್ತು ತಗೊಳ್ಳಿ," ಅಂತ ನೀರು ಕೊಟ್ಟರು.

ಕುಡಿಯುತ್ತಾ ಕೂತೆ. ಗಾಜಿನ ಆಚೆ ನಿನ್ನ ದೊಡ್ಡಮ್ಮ ಕಾಣುತ್ತಿದ್ದಳು. ಮೊದಲು ಕೂತಿದ್ದಳು, ಆಮೇಲೆ ನಿಂತಳು, ಆಮೇಲೆ ಆ ಗೋಡೆಯಿಂದ ಈ ಗೋಡೆಗೆ ನಡೆದಳು. ವಕೀಲರು ಏನೋ ಹೇಳಲು ಬಂದರೆ ಕೈಯಲ್ಲೇ ಸುಮ್ಮನಿರಿಸಿದಳು. ಐದು ನಿಮಿಷ ಆಯಿತು, ಏಳು ಆಯಿತು. ಅವಳು ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಜೀವಮಾನವೆಲ್ಲ ನನ್ನ ಪರವಾಗಿ ಹೂಂ ಅಂದವಳು, ನನಗೆ ಕಣ್ಣಲ್ಲಿ ಸನ್ನೆ ಕೂಡ ಮಾಡದೆ ಗೋಡೆ ನೋಡುತ್ತ ನಿಂತಿದ್ದಳು. ನನ್ನ ಮಾತು ನನ್ನದಾಗಿರಲಿ ಅಂತ. ಅವಳ ಬೆನ್ನು ನೋಡಿದೆ. ಯಾವಾಗ ಇಷ್ಟು ಸಣ್ಣಗಾಯಿತು ಅದು? ನನಗೆ ಅವಳ ಮೇಲೆ ಇದ್ದಬದ್ದ ಪ್ರೀತಿಯೆಲ್ಲ ಒಂದೇ ಸಲ ಬಂತು ಮಗಳೇ. ಆದರೂ ಇನ್ನೊಂದು ನಿಮಿಷ ಕಾಯಿಸಿದೆ. ನಲವತ್ತು ವರ್ಷಕ್ಕೆ ಎಂಟು ನಿಮಿಷ ಹೆಚ್ಚೇನಲ್ಲ.

"ಇಷ್ಟದಿಂದ. ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ," ಅಂದೆ.

ಆಮೇಲೆ ಅವಳ ಸರದಿ. ಅವಳಿಗೂ ಅದೇ ಪ್ರಶ್ನೆ. ಅಧಿಕಾರಿಣಿ ಬಾಯಿ ತೆರೆಯುವುದನ್ನು ಗಾಜಿನಿಂದ ನೋಡಿದೆ, ಮುಚ್ಚುವ ಮೊದಲೇ ಇವಳ ತಲೆ ಮೂರು ಸಲ ಆಡಿತ್ತು. ಹೊರಗೆ ಬಂದವಳೇ, "ಏನೇ ಅಷ್ಟೊತ್ತು ಮಾಡಿದೆ ಒಳಗೆ?" ಅಂದಳು. "ನೀರು ಚೆನ್ನಾಗಿತ್ತು," ಅಂದೆ. ವಕೀಲರು ನಮ್ಮಿಬ್ಬರ ಮಧ್ಯೆ ನಿಂತು ಕಣ್ಣು ಒರೆಸಿಕೊಂಡರು, ಒಂದು ಮಾತೂ ಅರ್ಥವಾಗದೆ.

ನೋಂದಣಿಯ ಪತ್ರ ಬಂದಿದೆ. ಇಬ್ಬರ ಹೆಸರೂ ಒಂದೇ ಸಾಲಿನಲ್ಲಿದೆ. ಇವತ್ತು ಮೇಜನ್ನು ಕಿಟಕಿಯ ಕಡೆ ತಿರುಗಿಸಿದೆವು, ಬೆಳಕು ಇಬ್ಬರಿಗೂ ಬೀಳುವ ಹಾಗೆ.

ಯಾವಾಗ ವಾಪಸ್ ಬರುತ್ತೀಯಾ ಅಮ್ಮ ಅಂತ ನೀನು ಕೇಳಿದ್ದೀಯ. ನನಗೂ ಗೊತ್ತಿರಲಿಲ್ಲ, ಅದಕ್ಕೇ ಬೆಳಗ್ಗೆ ಅಕ್ಕನನ್ನು ಕೇಳಿದೆ, "ನಾನು ಇಲ್ಲಿ ಎಷ್ಟು ದಿನ ಇರ್ಲಿ?" ಅಂತ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಾಯಿ ತೆರೆದಳು, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ನನಗೆ ಕಂಡಿತು. ಅದನ್ನು ನುಂಗಿಕೊಂಡಳು.

"ನನ್ನನ್ಯಾಕೆ ಕೇಳ್ತೀಯಾ," ಅಂದಳು. "ನೀನೂ ಓನರ್ ಕಣೇ. ನೀನೇ ಹೇಳು."

ನಿನ್ನ
ಅಮ್ಮ